ಟಕ್ ಅಂತದ, ಮುಂದಕ್ಕ ಹೋಗಂಗಿಲ್ಲ

ನಮ್ಮ ಕಲಬುರಗಿ ಕಡೆ ಹುಲ್ಲು ಅಂದರೆ ಎಮ್ಮೆಗೆ ಹಾಕೋದು. ಅದಕ್ಕೆ ಬೋರ್‌ವೆಲ್ ನೀರು ಕುಡಿಸಿ, ಬೆಳೆದ ಮೇಲೆ ಕತ್ತರಿಸಿ, ಅದರ ಮೇಲೆ ಕುರ್ಚಿ ಹಾಕಿ ಆರತಕ್ಷತೆ ಮಾಡೋದು ಈಚಿನ ಶೋಕಿ. ಸೇಡಂ ರಸ್ತೆಯಲ್ಲಿ ಫಂಕ್ಷನ್ ಹಾಲ್ ಕಟ್ಟಿಸಿದ ನಮ್ಮ ಕಾಕಾನಿಗೂ ಅದು ಹತ್ತಿತು. ಲಾನ್ ಬಂತು. ಅದರ ಹಿಂದೆಯೇ ಹೈದರಾಬಾದ್‌ನಿಂದ ಸೆಕೆಂಡ್ ಹ್ಯಾಂಡ್ ರೈಡಿಂಗ್ ಮೋವರ್ ಬಂತು, ಅಂದರೆ ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ. ಪಕ್ಕದ ತೊಗರಿ ಹೊಲದವರು ಬಂದು ಸುತ್ತು ಹಾಕಿ, "ಇದಕ್ಕ ಕುಂಟಿ ಹಚ್ಚಲಾಕ ಬರ್ತದೇನ್ರಿ?" ಎಂದು ಕೇಳಿ, ಬರೋದಿಲ್ಲ ಅಂತ ಗೊತ್ತಾದ ಮೇಲೆ ಆಸಕ್ತಿ ಕಳೆದುಕೊಂಡರು.

ಮೇ ತಿಂಗಳು. ಲಗ್ನದ ಸೀಸನ್. ಬಿಸಿಲು 40 ಡಿಗ್ರಿ ದಾಟಿತ್ತು. ಕಾಕಾ ಫೋನ್ ಮಾಡಿದರು. "ತಮ್ಮಾ, ಹೊಸಾ ಬ್ಯಾಟರಿ ಹಾಕ್ಸೀನಿ. ನಾಕ್ ದಿನ ಛಲೋ ಇತ್ತು. ಈಗ ಮತ್ತ ಟಕ್ ಅಂತದ, ಮುಂದಕ್ಕ ಹೋಗಂಗಿಲ್ಲ." ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಓದಿದ್ದನ್ನು ನಾನು ಮರೆತರೂ ನೆಂಟರು ಮರೆಯೋದಿಲ್ಲ.

ಹೋಗಿ ನೋಡಿದರೆ ಗಾಡಿಯ ಸುತ್ತ ಜನವೋ ಜನ. ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. ಶಾಮಿಯಾನದವನು ತಳ್ಳಿ ಸ್ಟಾರ್ಟ್ ಮಾಡೋಣ ಅಂದ. ಇದು ಹೈಡ್ರೋಸ್ಟ್ಯಾಟಿಕ್ ಗಾಡಿ, ಇಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆಯ ವ್ಯವಹಾರ. ಎಷ್ಟು ತಳ್ಳಿದರೂ ಇಂಜಿನ್ ತಿರುಗೋದಿಲ್ಲ. ಅದನ್ನು ಹೇಳುವಷ್ಟರಲ್ಲಿ ಅವರು ಅರ್ಧ ಲಾನ್ ತಳ್ಳಿಯಾಗಿತ್ತು. ಅಡುಗೆಯವರು ನಿಂಬೆಹಣ್ಣು ಕಟ್ಟಲು ಹೇಳಿದರು. ಗ್ಯಾರೇಜಿನ ಉಸ್ತಾದ್ ಮಾತ್ರ ಗಂಭೀರವಾಗಿ, "ಸೆಲ್ಫ್ ಮೋಟಾರ್ ಸುಟ್ಟದ, ಬಿಚ್ಚಬೇಕ್ರಿ" ಅಂದ. ಅವನ ಕೈ ಆಗಲೇ ಪಾನಾ ಮೇಲಿತ್ತು. ಕಾಕಿ ಎಲ್ಲರಿಗೂ ಸುಸಲಾ, ಮಿರ್ಚಿ ಕೊಟ್ಟಿದ್ದರು, ಹಾಗಾಗಿ ಯಾರೂ ಜಾಗ ಬಿಡುವ ಲಕ್ಷಣ ಇರಲಿಲ್ಲ.

ಒಂದೇ ಸಲ 'ಟಕ್' ಅಂದು ಸುಮ್ಮನಾದರೆ ಮೊದಲು ನೋಡಬೇಕಾದ್ದು ಬ್ಯಾಟರಿ, ಅದರ ವೈರ್‌ಗಳ ಬಿಗಿ, ಆಮೇಲೆ ಸೊಲೆನಾಯ್ಡ್, ಅಂದರೆ ಕೀ ತಿರುಗಿಸಿದಾಗ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್. ಮೀಟರ್ ಹಿಡಿದೆ. 11.9 ವೋಲ್ಟ್. ತುಂಬಿದ ಬ್ಯಾಟರಿ ಸುಮ್ನೆ ಕೂತಾಗ 12.6ರ ಆಸುಪಾಸು ತೋರಿಸಬೇಕು. "ಹೊಸಾದಲ್ಲೋ!" ಎಂದು ಕಾಕಾ ಸಿಟ್ಟಾದರು. ಹೊಸ ಬ್ಯಾಟರಿ ಅಂದರೆ ಊರಿಂದ ಹಾಸ್ಟೆಲ್‌ಗೆ ಕಟ್ಟಿಸಿಕೊಂಡು ಹೋದ ಕಡಕ್ ರೊಟ್ಟಿಯ ಗಂಟು. ಅದು ಇರೋತನಕ ಊಟ. ಮೆಸ್ಸಿನಲ್ಲಿ ಒಲೆ ಹೊತ್ತದಿದ್ದರೆ ಆಮೇಲೆ ಉಪವಾಸ. ಈ ಗಾಡಿಯ ಮೆಸ್, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ, ಬಂದ್ ಆಗಿತ್ತು ಅಂತ ನನ್ನ ಅನುಮಾನ.

ಜೀಪಿನ ಬ್ಯಾಟರಿಯಿಂದ ಕೇಬಲ್ ಕೊಟ್ಟೆವು. ಗಾಡಿ ಗುರ್ ಎಂದು ಎದ್ದಿತು. ಉಸ್ತಾದ್ ಪಾನಾ ಕೆಳಗಿಟ್ಟ, ಸ್ವಲ್ಪ ಬೇಜಾರಿನಿಂದಲೇ. ಕೇಬಲ್ ತೆಗೆದು, ಪೂರ್ತಿ ರೇಸ್ ಕೊಟ್ಟು ಮತ್ತೆ ಮೀಟರ್ ಇಟ್ಟೆ. ಚಾರ್ಜ್ ಆಗುತ್ತಿದ್ದರೆ 13.5ರಿಂದ 14.5 ಬರಬೇಕು. ಬಂದಿದ್ದು 12.2, ಅದೂ ಇಳಿಯುತ್ತಿತ್ತು. ಅಷ್ಟರಲ್ಲಿ ಕಾಕಾ "ಸೌಂಡ್ ಕೇಳ್ತೀನಿ ತಡಿ" ಎಂದು ಬ್ರೇಕ್ ಹಾಕದೆ ಸೀಟಿನಿಂದ ಇಳಿದರು. ಇಂಜಿನ್ ಬಂದ್. ಆಸಾಮಿ ಹಾಗೆ ಇಳಿದರೆ ನಿಲ್ಲಲಿ ಅಂತಲೇ ಸೀಟಿನ ಕೆಳಗೊಂದು ಸ್ವಿಚ್ ಇಟ್ಟಿರುತ್ತಾರೆ. ಮತ್ತೆ ಜೀಪು, ಮತ್ತೆ ಕೇಬಲ್.

ಈ ಇಂಜಿನ್ನಿನಲ್ಲಿ ಫ್ಲೈವೀಲ್ ಅನ್ನೋ ಭಾರದ ಚಕ್ರದ ಕೆಳಗೆ ಸ್ಟೇಟರ್ ಅನ್ನೋ ತಂತಿ ಸುರುಳಿ ಇರುತ್ತದೆ. ಫ್ಲೈವೀಲಿನ ಅಯಸ್ಕಾಂತ ಸುತ್ತಿದಂತೆ ಅದರಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ. ರೆಗ್ಯುಲೇಟರ್ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಫ್ಯೂಸ್ ಸರಿಯಿತ್ತು. ಸ್ಟೇಟರ್ ಪಿನ್ ಬಿಚ್ಚಿ ನೋಡಿದರೆ ಅದೂ ದಂಡಿಯಾಗಿ ದುಡಿಯುತ್ತಿತ್ತು. ಉಳಿದಿದ್ದು ರೆಗ್ಯುಲೇಟರ್. ಹುಡುಕಿದೆ. ಕಾಣಲಿಲ್ಲ. ಇಡೀ ಗಾಡಿ ಒಂದೇ ಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು, ಫಂಕ್ಷನ್ ಹಾಲ್ ಗೇಟಿನದೇ ಹಸಿರು.

"ಸೀಸನ್ ಅಂತ ಪೇಂಟ್ ಮಾಡ್ಸೀನಿ" ಎಂದರು ಕಾಕಾ, ಹೆಮ್ಮೆಯಿಂದ.

ಪೇಂಟರ್ ಹುಡುಗ ಅಲ್ಲೇ ಮಿರ್ಚಿ ತಿನ್ನುತ್ತಿದ್ದ. "ಒಂದ್ ಜಾಗಾನೂ ಬಿಡಬ್ಯಾಡ ಅಂದಿದ್ರು. ಆ ರೆಗ್ಯುಲೇಟರ್ ಬಿಚ್ಚಿ ಹಿಂದಾನೂ ಹೊಡದೀನ್ರಿ, ಎರಡ್ ಕೋಟ್." ಅಷ್ಟು ನಿಷ್ಠೆಯ ಕೆಲಸಗಾರ ಸಿಗೋದು ಅಪರೂಪ. ಆದರೆ ಈ ರೆಗ್ಯುಲೇಟರಿಗೆ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗೋದು ಅದರ ಮೈಯಿಂದಲೇ, ಇಂಜಿನ್ ಲೋಹಕ್ಕೆ ತಾಗಿದ್ದರೆ ಮಾತ್ರ. ನಡುವೆ ಎರಡು ಕೋಟ್ ಹಸಿರು ಕೂತಿತ್ತು. ದುಡ್ಡು ಹೋಗಿದ್ದು ಬ್ಯಾಟರಿಗೆ!

ಉಪ್ಪುಕಾಗದದಿಂದ ಎರಡೂ ಕಡೆ ಉಜ್ಜಿ, ಲೋಹ ಕಾಣಿಸಿ, ಬೋಲ್ಟ್ ಬಿಗಿ ಮಾಡಿದೆ. ರೇಸ್ ಕೊಟ್ಟರೆ 14.1. ಕಾಕಾ ಸೀಟಿನಲ್ಲಿ ಗಟ್ಟಿಯಾಗಿ ಕೂತು ಲಾನ್ ಪೂರ್ತಿ ಸುತ್ತು ಹೊಡೆದರು. ನಿಂಬೆಹಣ್ಣು ಕಟ್ಟಿದ್ದಕ್ಕೇ ಆಯಿತು ಅಂತ ಅಡುಗೆಯವರು ಇಂದಿಗೂ ಹೇಳುತ್ತಾರೆ.

ಬಂದು ಇಳಿದ ಕಾಕಾ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. "ಇಲ್ಲಿ ಬಣ್ಣಾ ಹೋಗ್ಯಾದಲ್ಲೋ ತಮ್ಮಾ. ಬೀಗರು ಬರ್ತಾರ, ಛಲೋ ಕಾಣಂಗಿಲ್ಲ. ಒಂದ್ ಕೈ ಹೊಡಸಲೇನು?"

ಒಳಗಿಂದ ಕಾಕಿ ಕೂಗಿದರು: "ಡಬ್ಬಿ ನಾ ಬೀಗ ಹಾಕಿ ಇಟ್ಟೀನಿ!"