ಉಪ್ಪು ತಿಂದ ಗೋಡೆ

ಕಡಲ ದಂಡೆಲಿ ಯಾರೂ ಇಲ್ಲದೆ ಪಾಳು ಬಿದ್ದಿರೋ ಹಳೇ ಕಟ್ಟಡ ಕಂಡ್ರೆ ಸಾಕು, ಕ್ಯಾಮೆರಾ ಇರೋರಿಗೆಲ್ಲ ಕೈ ತುರಿಸೋಕೆ ಶುರುವಾಗುತ್ತೆ, ಅದೂ ಕಲರ್ ಬೇಡ, ಸೀದಾ ಬ್ಲ್ಯಾಕ್ ಅಂಡ್ ವೈಟೇ ಆಗ್ಬೇಕು. ನನಗೂ ಇದೇ ಚಟ. ಯಾಕೆ ಅಂತ ಕೇಳಿದ್ರೆ ಮೂಡ್ ಅಂತ ಹೇಳಿ ತಪ್ಪಿಸ್ಕೊಳ್ತೀವಿ. ಅಸಲಿಗೆ ಬಣ್ಣ ಹೋಯ್ತು ಅಂದ್ರೆ ಅಲ್ಲಿ ಹಾರಾಡ್ತಿರೋ ನೀಲಿ ಪ್ಲಾಸ್ಟಿಕ್ ಶೀಟು, ಯಾರೋ ಪ್ರೇಮಿಗಳು ಸ್ಪ್ರೇ ಪೇಂಟಲ್ಲಿ ಬರೆದು ಹೋದ ಹೆಸರು, ಖಾಲಿ ಬಾಟ್ಲಿ, ಎಲ್ಲಾ ಬೂದು ಬಣ್ಣದಲ್ಲಿ ಅಡಗಿ ಕೂತ್ಬಿಡುತ್ತೆ, ಕಟ್ಟಡಕ್ಕೆ ಇಲ್ಲದ ಗಾಂಭೀರ್ಯ ಬರುತ್ತೆ. ಮೊನ್ನೆ ಮೊನ್ನೆ ಬಾಗಿಲು ಹಾಕಿದ ಮನೆನೂ ಶತಮಾನ ಕಂಡಿರೋ ಹಾಗೆ ಪೋಸ್ ಕೊಡುತ್ತೆ. ಸ್ವಲ್ಪ ಮೋಸ ಇದೆ ಇದ್ರಲ್ಲಿ, ಇರ್ಲಿ ಬಿಡಿ.

ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರಲ್ಲ, ಕಡಲ ಪಕ್ಕದ ಗೋಡೆಗೆ ಈ ಗಾದೆ ಅಕ್ಷರಶಃ ಅನ್ವಯಿಸುತ್ತೆ. ಗಾಳಿ ಜೊತೆ ಬಂದ ಉಪ್ಪು ಇಟ್ಟಿಗೆ ಗಾರೆಗಳ ಸಣ್ಣ ಸಣ್ಣ ರಂಧ್ರದೊಳಗೆ ಸೇರ್ಕೊಂಡು ಹವೆಯಲ್ಲಿರೋ ತೇವನ ಎಳ್ಕೊಳ್ತಾ ಇರುತ್ತೆ, ಬಿಸಿಲು ಬಿದ್ದಾಗ ಒಣಗಿ ಹರಳಾಗುತ್ತೆ, ಹರಳು ಬೆಳೀತಾ ಒಳಗಿಂದಾನೇ ತಳ್ಳುತ್ತೆ, ಮತ್ತೆ ರಾತ್ರಿ ತೇವ, ಮತ್ತೆ ಬೆಳಿಗ್ಗೆ ಬಿಸಿಲು, ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಪ್ಲಾಸ್ಟರ್ ಉಬ್ಬಿ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಹತ್ರ ಹೋಗಿ ನೋಡಿದ್ರೆ ಕೆಲವು ಕಡೆ ಇಟ್ಟಿಗೆ ಪುಡಿಯಾಗಿ ಒಳಗೆ ಹೋಗಿರುತ್ತೆ, ಅದರ ಸುತ್ತ ಇರೋ ಗಾರೆ ಮಾತ್ರ ಜೇನುಗೂಡಿನ ಥರ ಹೊರಗೆ ನಿಂತಿರುತ್ತೆ. ಕಾಂಕ್ರೀಟ್ ಆದ್ರೆ ಕಥೆ ಬೇರೆ. ಉಪ್ಪಿನ ಕ್ಲೋರೈಡ್ ಒಳಗಿನ ಕಂಬಿ ತನಕ ಇಳಿದು ತುಕ್ಕು ಹಿಡಿಸುತ್ತೆ, ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು, ಕಾಂಕ್ರೀಟು ಸೀಳಿ ಕಂಬಿ ಹೊರಗೆ ಇಣುಕುತ್ತೆ, ಕಿಟಕಿ ಸಜ್ಜದ ಕೆಳಗೆ ಕಂದು ಬಣ್ಣದ ಕಲೆ ಉದ್ದಕ್ಕೆ ಇಳಿದಿರುತ್ತೆ. ಫೋಟೋದಲ್ಲಿ ಬರಬೇಕಾದ್ದು ನನ್ನ ಪ್ರಕಾರ ಆ ಕಲೆನೇ.

ತಕರಾರು ಇರೋದೂ ಇಲ್ಲೇ. ನೀಲಿ ಆಕಾಶ ಕಪ್ಪಗಾಗಿ ಬಿಳಿ ಮೋಡ ಎದ್ದು ಕಾಣ್ಲಿ ಅಂತ ಎಲ್ರೂ ಲೆನ್ಸ್ ಮುಂದೆ ಕೆಂಪು ಫಿಲ್ಟರ್ ಹಾಕ್ತಾರೆ. ಆದ್ರೆ ಫಿಲ್ಟರ್ ತನ್ನ ಬಣ್ಣದ್ದನ್ನ ತೆಳು ಮಾಡುತ್ತೆ, ಎದುರು ಬಣ್ಣದ್ದನ್ನ ಕಪ್ಪು ಮಾಡುತ್ತೆ, ಹಾಗಾಗಿ ಕಿತ್ತಳೆ ಕಂದಿನ ತುಕ್ಕು ಬಿಳುಚಿಕೊಂಡು ಸುಣ್ಣದ ಗೋಡೆಲಿ ಸೇರಿಹೋಗುತ್ತೆ. ಆಕಾಶಕ್ಕೇನೋ ಭರ್ಜರಿ ನಾಟಕ ಸಿಗ್ತು, ಇಷ್ಟು ವರ್ಷ ಕೂತು ಗೋಡೆ ಬರೆದಿದ್ದು ಅಳಿಸಿಹೋಯ್ತು. ತುಕ್ಕು ಬೇಕು ಅಂದ್ರೆ ಹಸಿರು ಅಥವಾ ನೀಲಿ ಫಿಲ್ಟರ್ ಕಡೆ ಹೋಗ್ಬೇಕು, ಇಲ್ಲಾಂದ್ರೆ ಕೆಂಪು ಬೆಳಕು ಕಾಣಿಸದ ಆರ್ಥೋಕ್ರೊಮ್ಯಾಟಿಕ್ ಫಿಲ್ಮು, ಅದ್ರಲ್ಲಿ ತುಕ್ಕು ಕಡು ಕಪ್ಪಾಗಿ ಕೂರುತ್ತೆ. ಡಿಜಿಟಲ್‌ನೋರಿಗೆ ಈ ಕಷ್ಟ ಇಲ್ಲ, ಬಣ್ಣದ ಮಾಹಿತಿಯೆಲ್ಲ ಹಾಗೇ ಉಳಿಸೋ ರಾ ಫೈಲ್ ಇಟ್ಕೊಂಡು ಮನೆಗೆ ಬಂದ ಮೇಲೆ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಆರೆಂಜ್ ಸ್ಲೈಡರ್ ಎಡಕ್ಕೆ ಎಳೆದ್ರೆ ತುಕ್ಕು ಕಪ್ಪಾಗುತ್ತೆ. ಅದಕ್ಕೇ ಕ್ಯಾಮೆರಾದಲ್ಲೇ ಬ್ಲ್ಯಾಕ್ ಅಂಡ್ ವೈಟ್ ಜೆಪೆಗ್ ಮಾತ್ರ ತೆಗೆಯೋರನ್ನ ಕಂಡ್ರೆ ನಂಗೆ ಅಯ್ಯೋ ಅನ್ಸುತ್ತೆ, ಅಲ್ಲಿ ಆಮೇಲೆ ತೀರ್ಮಾನ ಮಾಡೋಕೆ ಏನೂ ಉಳಿದಿರಲ್ಲ.

ಬೆಳಕಿನ ವಿಷಯದಲ್ಲಿ ಎರಡು ಪಕ್ಷ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ಹಳೇ ಕಾರ್ಖಾನೆ, ನೀರಿನ ಟ್ಯಾಂಕು ಅಂತ ಬ್ಲ್ಯಾಕ್ ಅಂಡ್ ವೈಟಲ್ಲಿ ತೆಗೆದ್ರು, ಮೋಡ ಮುಚ್ಚಿದ ದಿನಾನೇ ಬೇಕು ಅವ್ರಿಗೆ, ನೆರಳು ಬೀಳ್ಬಾರ್ದು, ಆಕಾರ ಮಾತ್ರ ಕಾಣ್ಬೇಕು. ಅವ್ರಿಗೆ ಅದು ಸರಿ. ಚಕ್ಕೆ ಎದ್ದ ಗೋಡೆಗೆ ಮಾತ್ರ ಸಂಜೆ ಬಿಸಿಲು ಪಕ್ಕದಿಂದ ಓರೆಯಾಗಿ ಬೀಳ್ಬೇಕು ಅನ್ನೋದು ನನ್ನ ಹಠ, ಆಗ್ಲೇ ಬೆರಳ ದಪ್ಪದ ಚಕ್ಕೆಗೂ ಒಂದು ನೆರಳು ಸಿಗೋದು.

ಉಪ್ಪಿನ ಬಗ್ಗೆ ಇನ್ನೊಂದು ತಮಾಷೆ ಇದೆ. ಫೋಟೋಗ್ರಫಿ ಹುಟ್ಟುಹಾಕಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ 1830ರ ದಶಕದಲ್ಲಿ ಕಾಗದದ ಮೇಲೆ ಚಿತ್ರ ಮೂಡಿಸಿದ್ದು ಅಡುಗೆ ಉಪ್ಪಿನ ಸಹಾಯದಿಂದ. ಉಪ್ಪುನೀರಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಸವರಿದ್ರೆ ಸಿಲ್ವರ್ ಕ್ಲೋರೈಡ್ ಆಗುತ್ತೆ, ಬೆಳಕು ಬಿದ್ದ ಕಡೆ ಕಪ್ಪಾಗುತ್ತೆ. 1835ರಲ್ಲಿ ಅವನು ತೆಗೆದ ಪುಟಾಣಿ ನೆಗೆಟಿವ್ ಇವತ್ತಿಗೂ ಇದೆ, ಅದರಲ್ಲಿರೋದು ಅವನ ಹಳೇ ಮನೆಯ ಒಂದು ಕಿಟಕಿ. ಗೋಡೆ ತಿಂದು ಹಾಕೋ ಅದೇ ಕ್ಲೋರೈಡು ಅಲ್ಲಿ ಚಿತ್ರ ಹಿಡಿದುಕೊಡ್ತು! ಮುಂದೆ 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಡಲು ತೆಗೆಯೋಕೆ ಹೊರಟಾಗ ಆಗಿನ ಪ್ಲೇಟುಗಳಿಗೆ ನೀಲಿ ಬೆಳಕಿನ ಮೇಲೇ ಪ್ರೀತಿ, ಆಕಾಶ ಬೆಳ್ಳಗೆ ಸುಟ್ಟು ಹೋಗ್ತಿತ್ತು, ಆತ ಕೆಲವು ಚಿತ್ರಗಳಲ್ಲಿ ಆಕಾಶಕ್ಕೊಂದು ನೆಗೆಟಿವ್ ನೀರಿಗೊಂದು ನೆಗೆಟಿವ್ ಬೇರೆ ಬೇರೆ ತೆಗೆದು ಒಂದೇ ಪ್ರಿಂಟಲ್ಲಿ ಜೋಡಿಸಿದ. ಫೋಟೋಶಾಪ್ ಬಂದ ಮೇಲೇ ಫೋಟೋ ಸುಳ್ಳು ಹೇಳೋಕೆ ಕಲಿತಿದ್ದು ಅನ್ನೋರಿಗೆ ಇದನ್ನ ಹೇಳ್ಬೇಕು. ಪಾಳು ಕಟ್ಟಡದ ಕತ್ತಲ ಕೋಣೆ ಒಳಗೆ ನಿಂತು ಕಿಟಕಿಯಾಚೆ ಹೊಳೀತಿರೋ ಸಮುದ್ರ ತೆಗೆಯುವಾಗ ನಾವು ಬ್ರ್ಯಾಕೆಟಿಂಗ್ ಅಂತ ಮಾಡೋದೂ, ಅಂದ್ರೆ ಒಂದೇ ದೃಶ್ಯಾನ ಬೇರೆ ಬೇರೆ ಬೆಳಕಿನ ಅಳತೆಲಿ ಹಲವು ಸಲ ತೆಗೆದು ಆಮೇಲೆ ಜೋಡಿಸೋದೂ, ಹೆಚ್ಚು ಕಮ್ಮಿ ಅದೇ ಉಪಾಯ.

ಉಪ್ಪು ಗೋಡೆನಷ್ಟೇ ತಿನ್ನಲ್ಲ ಅನ್ನೋದು ನೆನಪಿರ್ಲಿ. ಕಡಲ ದಂಡೆಯಿಂದ ಬಂದ ಮೇಲೆ ಲೆನ್ಸ್ ಒರೆಸೋಕೆ ಮುಂಚೆ ಬ್ಲೋವರಲ್ಲಿ ಮರಳು ಊದಿ ತೆಗೀಬೇಕು, ಇಲ್ಲಾಂದ್ರೆ ಒರೆಸಿದ್ದೇ ಗೀರು. ಕ್ಯಾಮೆರಾ ಬಾಡಿನ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಲಿ ಒರೆಸಿ, ಟ್ರೈಪಾಡ್ ಕಾಲು ಬಿಚ್ಚಿ ಸಿಹಿನೀರಲ್ಲೇ ತೊಳೆದು ಒಣಗಿಸ್ಬೇಕು. ನಾಳೆ ತೊಳೆದ್ರಾಯ್ತು ಅಂತ ಮೂಲೆಗಿಟ್ರೆ ಮುಂದಿನ ಸಲ ಆ ಲಾಕು ತಿರುಗಿಸೋಕೆ ಪಕ್ಕಡ್ ಹುಡುಕ್ಬೇಕಾಗುತ್ತೆ.