ಕಾರ್ ಶೆಡ್‌ಗೊಬ್ಬ ಗುತ್ತಿಗೆದಾರ ಬೇಕು

ಮಡಿಕೇರಿಯ ನಮ್ಮ ಮನೆಯ ಪಕ್ಕ, ಮನೆಗೆ ಅಂಟದಂತೆ ಒಂದು ಕಾರ್ ಶೆಡ್ ಕಟ್ಟಿಸಬೇಕು. ಜನವರಿಯಿಂದ ಮೂವರು ಗುತ್ತಿಗೆದಾರರನ್ನು ಕೇಳಿದ್ದೇನೆ. ಒಬ್ಬರು ಜಾಗಕ್ಕೆ ಕಾಲಿಡದೆ ಫೋನಿನಲ್ಲೇ ಚದರಡಿಗೆ ಇಷ್ಟು ಅಂದುಬಿಟ್ಟರು. ನಮ್ಮದು ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕಡಿದು ಸಮ ಮಾಡಿದ ಜಾಗ. ತಡೆಗೋಡೆ ಎಷ್ಟೆತ್ತರ ಬೇಕು, ಮಳೆನೀರು ಎತ್ತ ಹರಿಯುತ್ತದೆ ಅಂತ ನೋಡದೆ ರೇಟು ಹೇಗೆ ಹೇಳುತ್ತಾರೆ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳೇ ಕೊಚ್ಚಿಹೋದ ಜಿಲ್ಲೆಯಿದು!

ಇನ್ನೊಬ್ಬರು ಬಂದು ನೋಡಿದರು, ಅರ್ಧ ಹಣ ಅಡ್ವಾನ್ಸ್ ಕೇಳಿದರು. ತಡೆಗೋಡೆಯಲ್ಲಿ ನೀರಿಳಿಯಲು ಪೈಪ್ ಬಿಡ್ತೀರಾ ಅಂದರೆ, "ಅದೆಲ್ಲ ನಮಗೆ ಬಿಡಿ ಸಾರ್." ಬಿಡಲಾರೆ. ಗೋಡೆಯ ಹಿಂದೆ ನೀರು ನಿಂತರೆ ಅದರ ಒತ್ತಡಕ್ಕೇ ಗೋಡೆ ಬಾಗುತ್ತದೆ. ಪಾಯದ ಆಳ, ಕಂಬಿಯ ಗಾತ್ರ, ಶೀಟಿನ ದಪ್ಪ, ಯಾವ ಹಂತಕ್ಕೆ ಎಷ್ಟು ಹಣ, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ ಅಂದೆ. ನಂಬಿಕೆ ಇಲ್ವಾ ಎಂದು ಮುಖ ಗಂಟು ಹಾಕಿಕೊಂಡು ಹೋದರು.

ಮೂರನೆಯವರು ತಾವು ಕಟ್ಟಿದ ಎರಡು ಶೆಡ್ ತೋರಿಸಿದರು, ಕೆಲಸ ಚೆನ್ನಾಗಿತ್ತು. ಕಾಫಿ ಕೊಯ್ಲು ಮುಗಿಯದೆ ಆಳು ಸಿಗಲ್ಲ ಅಂದರು, ಒಪ್ಪಿದೆ. ಆಮೇಲೆ ಫೋನೇ ಎತ್ತುತ್ತಿಲ್ಲ. ಈಗ ಮೇ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಪಾಯ ತೆಗೆಯುವ ಹಾಗಿಲ್ಲ. ಆಗಲ್ಲ ಅಂತ ಒಂದು ಮಾತು ಹೇಳಿದ್ದರೆ ಬೇರೆಯವರನ್ನಾದರೂ ಹುಡುಕುತ್ತಿದ್ದೆನಲ್ಲ!