ಬರ್ಟ್ ಜಾನ್ಶ್‌ನನ್ನು ಇವರು ಹೊಗಳುವ ರೀತಿ

ನಾನಿರುವ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಜನಪದ ಸಂಗೀತದ ಮಾತು ಬಂದರೆ ಬರ್ಟ್ ಜಾನ್ಶ್ ಹೆಸರು ಬಂದೇ ಬರುತ್ತದೆ. 1943ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ಈ ಊರಿನಲ್ಲಿ ಬೆಳೆದವನು. ತಾನೇ ಹಾಡು ಕಟ್ಟಿದ, ಹಳೆಯ ಹಾಡುಗಳನ್ನು ಹಾಡಿದ, ಎಲ್ಲಕ್ಕಿಂತ ಜಾಸ್ತಿ ಗಿಟಾರ್ ನುಡಿಸಿದ. 2011ರಲ್ಲಿ ತೀರಿಕೊಂಡ. ಈ ಊರಿಗೆ ಬಂದ ಮೇಲೆ ನಾನು ಮೊದಲು ಕೇಳಿದ್ದು ಅವನ ಹಾಡನ್ನಲ್ಲ, ಅವನ ಬಗ್ಗೆ ಇಲ್ಲಿನವರು ಆಡುವ ಮಾತನ್ನು. ಆ ಮಾತಿನ ರೀತಿ ನನಗೆ ತುಂಬ ಹಿಡಿಸಿತು. ನಮ್ಮ ಹಾಡುಗಾರರ ಬಗ್ಗೆಯೂ ನಾವು ಹಾಗೆ ಮಾತಾಡಬೇಕು ಅನ್ನುವುದು ನನ್ನ ಆಸೆ.

ಇವರು ಅವನನ್ನು ದೊಡ್ಡ ಕಲಾವಿದ ಅಂದು ಸುಮ್ಮನಾಗುವುದಿಲ್ಲ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹೇಗೆ ಲಯ ಹಿಡಿದಿದೆ ನೋಡು ಅನ್ನುತ್ತಾರೆ. ಉಳಿದ ಬೆರಳುಗಳು ಆಗಲೇ ಇನ್ನೊಂದು ಧಾಟಿ ನುಡಿಸುತ್ತಿವೆ, ದನಿ ಇವೆರಡಕ್ಕೂ ಪೂರ್ತಿ ಸೇರದೆ ಚೂರು ಹಿಂದೆ ಬರುತ್ತಿದೆ, ಅದನ್ನು ಗಮನಿಸು ಅನ್ನುತ್ತಾರೆ. ತಂತಿಯನ್ನು ಜೋರಾಗಿ ಎಳೆದು ಬಿಟ್ಟಾಗ ಬರುವ ಚಟ್ ಅನ್ನುವ ಸದ್ದನ್ನೂ ಬಿಡುವುದಿಲ್ಲ. ಅದರ ಜೊತೆಗೇ ಅವನ ದನಿ ಒರಟು, ಪದಗಳನ್ನು ನುಂಗುತ್ತಾನೆ ಅಂತಲೂ ಹೇಳುತ್ತಾರೆ. ಹೀಗೆ ಹೇಳಿದ್ದರಿಂದಲೇ ನನಗೆ ಅವರ ಹೊಗಳಿಕೆಯ ಮೇಲೆ ನಂಬಿಕೆ ಬಂತು. ಆಮೇಲೆ ಹಾಡು ಹಾಕಿಕೊಂಡು ಕೂತಾಗ ಕಿವಿಗೆ ಎಲ್ಲಿ ಹೋಗಬೇಕು ಅಂತ ಗೊತ್ತಿತ್ತು.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಯಾವ ಹಾಡು ಯಾರಿಂದ ಬಂತು ಅನ್ನುವುದನ್ನು ಇವರು ಮರೆಯುವುದಿಲ್ಲ. ಗಿಟಾರ್‌ನಲ್ಲಿ ಡೇವಿ ಗ್ರಹಾಂ ಎಂಬ ಗಿಟಾರ್ ವಾದಕನ ಪ್ರಭಾವ ಎಷ್ಟು, ಹಳೆಯ ಹಾಡುಗಳಲ್ಲಿ ಆನ್ ಬ್ರಿಗ್ಸ್ ಎಂಬ ಗಾಯಕಿ ಕೊಟ್ಟದ್ದೆಷ್ಟು ಅಂತ ಬಿಡಿಸಿ ಹೇಳುತ್ತಾರೆ. ಆಕೆ ಕಲಿಸಿದ ಒಂದು ಜನಪದ ಹಾಡಿಗೆ ಜಾನ್ಶ್ ತನ್ನದೇ ಗಿಟಾರ್ ನುಡಿಕೆ ಜೋಡಿಸಿ 1966ರಲ್ಲಿ ಹೊರತಂದ. 1969ರಲ್ಲಿ ಲೆಡ್ ಜೆಪ್ಪಲಿನ್ ಎಂಬ ರಾಕ್ ತಂಡದ ಮೊದಲ ಆಲ್ಬಮ್‌ನಲ್ಲಿ ಅದರ ಗಿಟಾರ್ ವಾದಕ ಜಿಮ್ಮಿ ಪೇಜ್ ಜಾನ್ಶ್ ನುಡಿಕೆಗೆ ತೀರಾ ಹತ್ತಿರದ ಒಂದು ತುಣುಕು ನುಡಿಸಿದ. ಅದನ್ನು ರಚಿಸಿದವನು ಅಂತ ಇದ್ದದ್ದು ಪೇಜ್ ಹೆಸರು ಮಾತ್ರ. ಜನಪದ ಸಂಗೀತ ಇಷ್ಟಪಡುವವರು ಇಂದಿಗೂ ಆ ತಕರಾರು ಬಿಟ್ಟಿಲ್ಲ. ಕೆನಡಾದ ಹಾಡುಗಾರ ನೀಲ್ ಯಂಗ್ ನಡೆದುಕೊಂಡದ್ದು ಬೇರೆ ರೀತಿ. 1974ರ ತನ್ನ ಒಂದು ಹಾಡಿನ ಧಾಟಿ, ತನಗೇ ಗೊತ್ತಿಲ್ಲದಂತೆ, ಜಾನ್ಶ್‌ನ ಹಾಡಿನಿಂದ ಬಂದದ್ದು ಅಂತ ಆತನೇ ಒಪ್ಪಿಕೊಂಡ. 2010ರಲ್ಲಿ ತನ್ನ ಕಛೇರಿಗಳ ಮೊದಲ ಭಾಗಕ್ಕೆ ಜಾನ್ಶ್‌ನನ್ನೇ ಕರೆದ. ಕಲಾವಿದನೊಬ್ಬ ಇನ್ನೊಬ್ಬನಿಗೆ ಇದಕ್ಕಿಂತ ದೊಡ್ಡ ಮಾತು ಹೇಳಲಾರ.

ಹಾಗಂತ ಇಲ್ಲಿ ಎಲ್ಲವೂ ಸರಿಯಿಲ್ಲ. 1965ರ ತನ್ನ ಮೊದಲ ಆಲ್ಬಮ್‌ಗೆ ಜಾನ್ಶ್ ಬಳಿ ಸ್ವಂತ ಗಿಟಾರ್ ಇರಲಿಲ್ಲ. ಲಂಡನ್ನಿನ ಒಂದು ಮನೆಯಲ್ಲಿ, ಟೇಪ್ ರೆಕಾರ್ಡರ್ ಮುಂದೆ, ಎರವಲು ಗಿಟಾರ್ ಹಿಡಿದು ನುಡಿಸಿದ. ಅದು ಕಂಪನಿಗೆ ಹೋದದ್ದು 100 ಪೌಂಡಿಗೆ. ಕುಡಿತದಿಂದ 1987ರಲ್ಲಿ ಸಾವಿನ ಹತ್ತಿರ ಹೋಗಿ ಬಂದ. ಹೊಗಳಿದವರು ಬಹಳ ಜನ, ಆದರೆ ಹೊಗಳಿಕೆ ಹೊಟ್ಟೆ ತುಂಬಿಸಲಿಲ್ಲ. ಈ ವಿಷಯದಲ್ಲಿ ನಮ್ಮ ಸರ್ಕಾರ ಹಿರಿಯ ಜನಪದ ಕಲಾವಿದರಿಗೆ ಮಾಸಾಶನ ಕೊಡುವುದು, ಎಷ್ಟೇ ಕಡಿಮೆಯಿರಲಿ, ನನಗೆ ದೊಡ್ಡದಾಗಿಯೇ ಕಾಣುತ್ತದೆ.

ಆದರೆ ನಮ್ಮ ಹೊಗಳಿಕೆ? ಶಾಲು, ಹಾರ, ಹಣ್ಣಿನ ಬುಟ್ಟಿ, ಬಿರುದು. ಸುಕ್ರಿ ಬೊಮ್ಮಗೌಡ ಅವರನ್ನೇ ನೋಡಿ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ, ನಮ್ಮೆಲ್ಲರ ಸುಕ್ರಜ್ಜಿ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಸಿಕ್ಕಿದ್ದನ್ನೆಲ್ಲ ಓದಿದೆ. ಅಜ್ಜಿಯ ವಯಸ್ಸು, ಪ್ರಶಸ್ತಿಗಳು, ಸಾರಾಯಿ ವಿರುದ್ಧದ ಹೋರಾಟ, ಬಾಯಲ್ಲಿ ಸಾವಿರಾರು ಹಾಡು ಇದ್ದವು ಅನ್ನುವ ಮಾತು, ಎಲ್ಲ ಇತ್ತು. ಅವರ ಹಾಡುಗಾರಿಕೆ ಹೇಗಿತ್ತು ಅನ್ನುವುದೇ ನನಗೆ ಸಿಗಲಿಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದರು? ಜೊತೆಗಾರ್ತಿಯರು ಸಾಲಿನ ಯಾವ ಭಾಗವನ್ನು ಎತ್ತಿಕೊಳ್ಳುತ್ತಿದ್ದರು? ಯಾವ ಹಾಡು ಯಾರಿಂದ ಕಲಿತದ್ದು? ಇದನ್ನು ಬರೆಯಬಲ್ಲವರು ಉತ್ತರ ಕನ್ನಡದಲ್ಲಿ ಖಂಡಿತ ಇದ್ದಾರೆ. ನಾವು ಅವರನ್ನು ಕೇಳಬೇಕು, ಅಲ್ವಾ?

ನಮಗೆ ಇದು ಬರುವುದಿಲ್ಲ ಅಂತಲ್ಲ. ಸುಗಮ ಸಂಗೀತದ ವೇದಿಕೆಯಲ್ಲಿ ಕವಿಯ ಹೆಸರು, ರಾಗ ಹಾಕಿದವರ ಹೆಸರು ಹೇಳದೆ ಹಾಡು ಶುರು ಮಾಡಿದರೆ ಕೇಳುಗರಿಗೆ ಸರಿ ಅನ್ನಿಸುವುದಿಲ್ಲ. ಎಷ್ಟು ಒಳ್ಳೆಯ ಪದ್ಧತಿ ಅದು! ಜನಪದ ಹಾಡು ಬಂದಾಗ ಮಾತ್ರ "ಜನಪದ" ಅಂತ ಒಂದೇ ಪದ ಹೇಳಿ ಮುಂದೆ ಹೋಗುತ್ತೇವೆ. ಆ ಹಾಡನ್ನು ಅಷ್ಟು ವರ್ಷ ಬಾಯಲ್ಲಿ ಉಳಿಸಿದ ಹೆಂಗಸಿಗೆ ಹೆಸರೇ ಇಲ್ಲ.

ಇಲ್ಲಿನ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ನಾನು ಇಷ್ಟೇ ಕೇಳಿಕೊಂಡಿದ್ದೇನೆ. ಜನಪದ ಹಾಡು ಹಾಡುವವರು ಅದನ್ನು ಯಾರಿಂದ ಕಲಿತರು, ಯಾವ ಊರಿನ ಧಾಟಿ ಅಂತ ಮೊದಲು ಹೇಳಲಿ. ಯೂಟ್ಯೂಬ್ ನೋಡಿ ಕಲಿತದ್ದಾದರೆ ಅಲ್ಲಿ ಹಾಡಿದವರ ಹೆಸರನ್ನೇ ಹೇಳಲಿ. ಕಾರ್ಯಕ್ರಮ ಸ್ವಲ್ಪ ತಡವಾಗುತ್ತದೆ ಅಂದರು. ಆಗಲಿ ಅಂದೆ.